ಹಳೇ ಟೆಲಿಸ್ಕೋಪ್ ರಿಪೇರಿ ಮಾಡುವುದೋ, ಹೊಸತು ತರುವುದೋ?

ನಮ್ಮ ಮನೆಯ ಅಟ್ಟದಲ್ಲಿ ಎರಡು ಹಳೇ ಟೆಲಿಸ್ಕೋಪ್ ಇದ್ದವು. ಒಂದನ್ನು ಸರಿ ಮಾಡಿಸಿ ಈಗಲೂ ನೋಡುತ್ತೇನೆ. ಇನ್ನೊಂದಕ್ಕೆ ದುಡ್ಡು ಹಾಕಲು ಮನಸ್ಸೇ ಬರಲಿಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಹಾಳಾಗಿದ್ದವು. ಹೇಳಬೇಕೆಂದರೆ ನಾನು ಉಳಿಸಿಕೊಂಡದ್ದೇ ಹೆಚ್ಚು ಕೆಟ್ಟು ಹೋದ ಹಾಗೆ ಕಾಣುತ್ತಿತ್ತು.

ಅದು ನನ್ನ ಸೋದರಮಾವನದ್ದು. ಅವರು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ವಿಜ್ಞಾನದ ಮಾಷ್ಟ್ರಾಗಿದ್ದವರು. 1986ರಲ್ಲಿ ಹ್ಯಾಲಿ ಧೂಮಕೇತು ಬರುತ್ತದೆ ಅಂತ ದಪ್ಪ ಗಾಜು ತರಿಸಿ ತಾವೇ ಕನ್ನಡಿ ಉಜ್ಜಿದ್ದರು. ಮೊದಲು ಕಾರ್ಬೊರಂಡಮ್ ಪುಡಿ, ಕೊನೆಗೆ ಹೊಳಪಿಗೆ ಪಿಚ್ ಎಂಬ ಡಾಂಬರಿನಂಥ ಅಂಟಿನ ಮೇಲೆ ಸೀರಿಯಂ ಆಕ್ಸೈಡ್. 6 ಇಂಚಿನ ಕನ್ನಡಿ, 1200 ಮಿಲಿಮೀಟರ್ ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಇರುವ ದೂರ), ಅಂದರೆ ಎಫ್/8, ಕನ್ನಡಿಯ ಅಗಲದ ಸುಮಾರು ಎಂಟು ಪಟ್ಟು. ಕೊಳವೆ ತಗಡಿನದ್ದು. ಸ್ಟ್ಯಾಂಡು ನೀರಿನ ಜಿ.ಐ. ಪೈಪು ಜೋಡಿಸಿ ಮಾಡಿದ್ದು.

ಎರಡನೆಯದು 60 ಮಿಲಿಮೀಟರಿನ ಲೆನ್ಸ್ ಟೆಲಿಸ್ಕೋಪ್. ತೊಂಬತ್ತರ ದಶಕದಲ್ಲಿ ದೊಡ್ಡಪ್ಪನ ಮಗ ದುಬೈಯಿಂದ ತಂದದ್ದು. ಪೆಟ್ಟಿಗೆಯ ಮೇಲೆ 525 ಪಟ್ಟು ಅಂತ ದೊಡ್ಡದಾಗಿ ಬರೆದಿತ್ತು. ನಮ್ಮ ಜಿಲ್ಲೆಯಲ್ಲಿ ಗಲ್ಫಿನಿಂದ ಇಂಥ ಪೆಟ್ಟಿಗೆ ಎಷ್ಟು ಮನೆಗೆ ಬಂದಿವೆಯೋ!

ಮಾವನ ಟೆಲಿಸ್ಕೋಪ್ ಕೆಳಗಿಳಿಸಿದಾಗ ಕೊಳವೆಗೆ ತುಕ್ಕು ಹಿಡಿದಿತ್ತು. ಕನ್ನಡಿ ಮುಖ ಕಾಣದಷ್ಟು ಮಬ್ಬಾಗಿತ್ತು, ಅಂಚಿನಲ್ಲಿ ಕೋಟಿಂಗ್ ಚಕ್ಕೆ ಎದ್ದಿತ್ತು. "ಗುಜರಿಗೆ ಹಾಕಿ ಹೊಸತು ತಕ್ಕೊಳ್ಳಿ ಅಪ್ಪ, ಫೋನಿಗೂ ಜೋಡಿಸಬಹುದು" ಅಂದ ಮಗ. ವಿಚಾರಿಸಿದೆ. ಪೆಟ್ಟಿಗೆಯಂಥ ಸ್ಟ್ಯಾಂಡಿನಲ್ಲಿ ಕೂತು ಕೈಯಿಂದಲೇ ತಿರುಗುವ 6 ಇಂಚಿನ ಹೊಸ ಡಾಬ್ಸೋನಿಯನ್‌ಗೆ ಕೇಳಿದ ಕಡೆಯಲ್ಲೆಲ್ಲ 30,000 ರೂಪಾಯಿಯಿಂದ ಮೇಲೆಯೇ ಹೇಳಿದರು.

ನಾನು ಮೊದಲು ನೋಡಿದ್ದು ಗಾಜನ್ನು ಮಾತ್ರ. ಕನ್ನಡಿ ಟೆಲಿಸ್ಕೋಪಿನಲ್ಲಿ ಬಿಂಬ ಮಾಡುವುದು ಗಾಜಿನ ಆಕಾರ. ಅಲ್ಯುಮಿನಿಯಂ ಅದರ ಮೇಲಿನ ತೆಳು ಪದರ ಅಷ್ಟೇ. ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಉಪ್ಪುಗಾಳಿ ತಿಂದು ಹಾಕಿದ್ದು ಆ ಪದರವನ್ನು. ಗಾಜು ಹಾಗೇ ಇರುತ್ತದೆ. ಕೋಟಿಂಗ್ ಕೆಟ್ಟರೆ ಗಾಬರಿ ಬೇಕಾಗಿಲ್ಲ. ಕಾವಲೂರಿನ ವೇಣು ಬಾಪು ವೀಕ್ಷಣಾಲಯದ 2.34 ಮೀಟರ್ ಕನ್ನಡಿಗೂ ಆಗಾಗ ಹಳೇ ಪದರ ತೆಗೆದು ಹೊಸತು ಹಾಕುತ್ತಾರೆ. ಅದಕ್ಕೆಂದೇ ಅಲ್ಲಿ ಯಂತ್ರ ಇದೆ.

ಆದರೆ ಗಾಜಿನ ಆಕಾರವೇ ಸರಿ ಇಲ್ಲದಿದ್ದರೆ? ಆಗ ಎಷ್ಟು ಕೋಟಿಂಗ್ ಮಾಡಿಸಿದರೂ ಹೊಳೆಯುವ ಕೆಟ್ಟ ಕನ್ನಡಿ ಸಿಗುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲೇ ಪರೀಕ್ಷೆ ಮಾಡಬೇಕು. ಇದು ತುಂಬ ಜನರಿಗೆ ಗೊತ್ತಿಲ್ಲ: ಮಬ್ಬು ಕನ್ನಡಿಯಲ್ಲೂ ಪರೀಕ್ಷೆ ಆಗುತ್ತದೆ. ಕೋಟಿಂಗೇ ಇಲ್ಲದ ಗಾಜು ಕೂಡ ಸುಮಾರು ನೂರಕ್ಕೆ 4 ಪಾಲು ಬೆಳಕನ್ನು ತಿರುಗಿಸಿ ಕೊಡುತ್ತದೆ. ಪ್ರಕಾಶಮಾನ ನಕ್ಷತ್ರಕ್ಕೆ ಅಷ್ಟು ಸಾಕು.

ಮಾವನನ್ನೇ ಕೇಳಿದೆ. "ಮಾವ, ಇದಕ್ಕೆ ಫೂಕೊ ಪರೀಕ್ಷೆ ಮಾಡಿದ್ದಿರಾ?"

"ಮಾಡದೆ ಬಿಡ್ತೇನಾ ಮಾರಾಯ?" ಅಂದರು. ಮಾಸಿ ಹೋದ ಒಂದು ನೋಟ್ ಪುಸ್ತಕ ಹುಡುಕಿ ಕೊಟ್ಟರು. ಕನ್ನಡಿಯ ಯಾವ ವಲಯಕ್ಕೆ ಬ್ಲೇಡ್ ಎಲ್ಲಿ ನಿಂತಿತು ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

ಫೂಕೊ ಎಂಬ ಫ್ರೆಂಚ್ ವಿಜ್ಞಾನಿ 1858ರಲ್ಲಿ ಕಂಡುಹಿಡಿದ ಈ ಪರೀಕ್ಷೆಯನ್ನು ಮನೆಯ ಜಗಲಿಯಲ್ಲೇ ಮಾಡಬಹುದು. ಕನ್ನಡಿಯನ್ನು ಗೋಡೆಗೆ ನಿಲ್ಲಿಸಿ, ಫೋಕಲ್ ಲೆಂತ್‌ನ ಎರಡು ಪಟ್ಟು ದೂರದಲ್ಲಿ, ನನ್ನ ಲೆಕ್ಕಕ್ಕೆ 2400 ಮಿಲಿಮೀಟರ್, ಸಣ್ಣ ತೂತಿನ ಹಿಂದೆ ಎಲ್ಇಡಿ ಇಡಬೇಕು. ವಾಪಸು ಬರುವ ಬೆಳಕನ್ನು ಶೇವಿಂಗ್ ಬ್ಲೇಡಿನ ಅಂಚಿನಿಂದ ಕತ್ತರಿಸುತ್ತಾ ನೋಡಬೇಕು. ಕನ್ನಡಿ ಪೂರ್ತಿ ಗೋಳದ ಆಕಾರದ್ದಾದರೆ ಮೇಲ್ಮೈಯೆಲ್ಲ ಒಟ್ಟಿಗೆ ಕಪ್ಪಾಗುತ್ತದೆ. ಟೆಲಿಸ್ಕೋಪಿಗೆ ಬೇಕಾದ ಪ್ಯಾರಾಬೋಲಾ (ಗೋಳಕ್ಕಿಂತ ನಡುವಿನಲ್ಲಿ ತುಸು ಹೆಚ್ಚು ತಗ್ಗಿದ ಆಕಾರ) ಆದರೆ ನಡುಭಾಗಕ್ಕೂ ಅಂಚಿಗೂ ಬ್ಲೇಡ್ ಬೇರೆ ಬೇರೆ ಕಡೆ ನಿಲ್ಲುತ್ತದೆ. ದೀಪ ಅಲುಗದೆ ಬ್ಲೇಡ್ ಮಾತ್ರ ಸರಿದರೆ, ಈ ಅಳತೆಯ ಕನ್ನಡಿಗೆ ಆ ವ್ಯತ್ಯಾಸ ಸುಮಾರು 2.3 ಮಿಲಿಮೀಟರ್ ಬರಬೇಕು. ಮಾವನ ಪುಸ್ತಕದ ಲೆಕ್ಕ ಅದರ ಆಸುಪಾಸಿನಲ್ಲೇ ಇತ್ತು. ನಾನು ಅಳೆದದ್ದೂ ಹೆಚ್ಚುಕಮ್ಮಿ ಅಷ್ಟೇ ಬಂತು.

ಇನ್ನೊಂದು ಧೈರ್ಯ ಇತ್ತು. 6 ಇಂಚು, ಎಫ್/8 ಅಂದರೆ ಕೈಯಲ್ಲಿ ಉಜ್ಜುವವರಿಗೆ ಬಹಳ ಉದಾರವಾದ ಅಳತೆ. ಪ್ಯಾರಾಬೋಲಾ ಮಾಡದೆ ಬರೀ ಗೋಳವಾಗಿ ಬಿಟ್ಟರೂ ತಪ್ಪು ಕಾಲು ತರಂಗದ ಆಸುಪಾಸಿನಲ್ಲೇ ಉಳಿಯುತ್ತದೆ. ಕಾಲು ತರಂಗ, ಅಂದರೆ ಬೆಳಕಿನ ಅಲೆಯ ಉದ್ದದ ಕಾಲು ಪಾಲು, ಬಿಂಬ ಚೆನ್ನಾಗಿದೆ ಅನ್ನಬಹುದಾದ ಮಿತಿ. ಆ ಕಾಲದಲ್ಲಿ ಮನೆಯಲ್ಲಿ ಕನ್ನಡಿ ಮಾಡುತ್ತಿದ್ದವರು ಹೆಚ್ಚಾಗಿ ಈ ಅಳತೆ ಹಿಡಿದದ್ದು ಸುಮ್ನೆ ಅಲ್ಲ. ಇದೇ ಜಾಗದಲ್ಲಿ ಎಫ್/5ರ ಕೈಕೆಲಸದ ಕನ್ನಡಿ ಇದ್ದಿದ್ದರೆ ನಾನು ಹತ್ತು ಸಲ ಯೋಚಿಸುತ್ತಿದ್ದೆ.

ಕೊನೆಯ ತೀರ್ಪು ಆಕಾಶದ್ದೇ. ಬೇಸಿಗೆಯ ರಾತ್ರಿ ಸ್ವಾತಿ ನಕ್ಷತ್ರ ನಮಗೆ ಹೆಚ್ಚುಕಮ್ಮಿ ನೆತ್ತಿಯ ಮೇಲೆ ಬರುತ್ತದೆ. ಟೆಲಿಸ್ಕೋಪನ್ನು ಅಂಗಳದಲ್ಲಿ ಒಂದು ಗಂಟೆ ಬಿಟ್ಟು, ಗಾಜು ಹೊರಗಿನ ಗಾಳಿಗೆ ಹೊಂದಿಕೊಂಡ ಮೇಲೆ, ಸ್ವಾತಿಯನ್ನು ಫೋಕಸ್‌ನಿಂದ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಮಾಡಿ ನೋಡಿದೆ. ಎರಡೂ ಕಡೆ ಉಂಗುರಗಳು ಒಂದೇ ಥರ ಕಂಡವು. ಮಂದವಾಗಿದ್ದವು, ಆದರೆ ಒಂದೇ ಥರ. ಅಂದರೆ ಗಾಜಿನ ಆಕಾರ ಸರಿ ಇದೆ. ಆವತ್ತೇ ನಿರ್ಧಾರ ಆಯಿತು.

ಕೋಟಿಂಗ್ ಮನೆಯಲ್ಲಿ ಆಗುವ ಕೆಲಸ ಅಲ್ಲ. ನಿರ್ವಾತದ ಕೋಣೆಯಲ್ಲಿ ಟಂಗ್‌ಸ್ಟನ್ ತಂತಿ ಕಾಯಿಸಿ, ಅಲ್ಯುಮಿನಿಯಂ ಆವಿ ಮಾಡಿ ಗಾಜಿನ ಮೇಲೆ ಕೂರಿಸಬೇಕು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಕೊಟ್ಟೆ. ಹಳೇ ಪದರವನ್ನು ಫೆರಿಕ್ ಕ್ಲೋರೈಡಿನಲ್ಲಿ ತೆಗೆಯಬಹುದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಅಂತ ಸಿಗುತ್ತದೆ. ಆದರೆ ಅವರೇ ತೆಗೆಯುತ್ತಾರಾದರೆ ನೀವು ಕೈ ಹಾಕಬೇಡಿ. ಕನ್ನಡಿಯನ್ನು ಕೊರಿಯರಿಗೆ ಹಾಕಲು ಧೈರ್ಯ ಬರಲಿಲ್ಲ. ಮುಖಕ್ಕೆ ಏನೂ ತಾಗದ ಹಾಗೆ ಅಂಚಿನಲ್ಲಿ ಮಾತ್ರ ಹಿಡಿಯುವ ಮರದ ಪೆಟ್ಟಿಗೆ ಮಾಡಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮೇಲೆ ಸಿಲಿಕಾದ ರಕ್ಷಣೆಯ ಪದರವನ್ನೂ ಹಾಕಿಸಿದೆ. ಕರಾವಳಿಯವರು ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಬೆಳಕನ್ನು ಪಕ್ಕಕ್ಕೆ ತಿರುಗಿಸಲು ಕೊಳವೆಯೊಳಗೆ ಓರೆಯಾಗಿ ನಿಲ್ಲುವ ಸಣ್ಣ ಕನ್ನಡಿಯನ್ನು ಮಾತ್ರ ಹೊಸತೇ ಕೊಂಡೆ. ಅದಕ್ಕೆ ಗುಳಿ ಬಿದ್ದಿತ್ತು, ಅದರ ಬೆಲೆಯೂ ಹೆಚ್ಚಲ್ಲ.

ಇನ್ನು ಉಳಿದದ್ದು ಮರ ಮತ್ತು ಪೈಪಿನ ಕೆಲಸ. ತುಕ್ಕಿನ ತಗಡಿನ ಬದಲು ತೋಟದಲ್ಲಿ ಉಳಿದಿದ್ದ 200 ಮಿಲಿಮೀಟರಿನ ಪಿವಿಸಿ ಪೈಪ್ ಬಂತು. ಒಳಗೆ ಶಾಲೆಯ ಬೋರ್ಡಿಗೆ ಬಳಿಯುವ ಕಪ್ಪು ಬಣ್ಣ. ಭಾರ ಸ್ವಲ್ಪ ಜಾಸ್ತಿ, ಆದರೆ ಮಳೆಗಾಲಕ್ಕೆ ಹೆದರುವುದಿಲ್ಲ.

ಮಾವನ ಪೈಪಿನ ಸ್ಟ್ಯಾಂಡನ್ನು ಬಿಟ್ಟದ್ದಕ್ಕೆ ಅವರಿಗೆ ಬೇಜಾರಾಯಿತು. ಅದು ಧ್ರುವ ನಕ್ಷತ್ರಕ್ಕೆ ಅಕ್ಷ ಹೊಂದಿಸಿ ತಿರುಗಿಸುವ ಬಗೆಯದ್ದು. ಆದರೆ ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ. ಧ್ರುವ ನಕ್ಷತ್ರ ಕೂಡ ಅಷ್ಟೇ ಎತ್ತರದಲ್ಲಿ ಕಾಣಬೇಕು, ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ. ನಮ್ಮ ಅಂಗಳದಿಂದ ಅಲ್ಲಿ ಕಾಣುವುದು ಪಕ್ಕದ ಮನೆಯ ಅಡಿಕೆ ಮರಗಳು! ಹಾಗಾಗಿ ಡಾಬ್ಸೋನಿಯನ್ ಪೆಟ್ಟಿಗೆ ಮಾಡುವುದೇ ಸರಿ ಅನಿಸಿತು. ಆಚಾರ್ರಿಗೆ ಚಿತ್ರ ಬಿಡಿಸಿ ಕೊಟ್ಟೆ. "ಇದು ಫಿರಂಗಿಯಾ ಮಾಷ್ಟ್ರೇ?" ಅಂತ ಕೇಳುತ್ತಲೇ ನೀರು ತಡೆಯುವ ಪ್ಲೈವುಡ್‌ನಲ್ಲಿ ಚೆನ್ನಾಗಿ ಮಾಡಿಕೊಟ್ಟರು. ತಿರುಗುವ ಕಡೆ ಸನ್‌ಮೈಕಾದ ಮೇಲೆ ಟೆಫ್ಲಾನ್ ತುಂಡು. ಬೆರಳಿನಿಂದ ತಳ್ಳಿದರೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಫೋಕಸರ್ ಮತ್ತು ಕಣ್ಣಿಡುವ ಕಡೆಯ ಲೆನ್ಸು, ಅಂದರೆ 25 ಮಿಲಿಮೀಟರಿನ ಪ್ಲಾಸಲ್ ಐಪೀಸ್, ಹೊಸತು. ಎಲ್ಲ ಸೇರಿ ಹೊಸ ಟೆಲಿಸ್ಕೋಪಿನ ಅರ್ಧ ಬೆಲೆಯ ಹತ್ತಿರ ಬಂತು. ಓಡಾಟ, ಕಾಯುವುದು ಬೇರೆ. ಬರೀ ದುಡ್ಡು ಉಳಿಸಲಿಕ್ಕೆ ಅಂತಾದರೆ ಇಷ್ಟು ಕಷ್ಟಪಡುವ ಲಾಭ ದೊಡ್ಡದಲ್ಲ. ನನಗೆ ಸಿಕ್ಕ ಲಾಭ ಎಫ್/8ರ ಕನ್ನಡಿ. ಉದ್ದದ ಫೋಕಸ್ ಇದ್ದರೆ ಕೊಲಿಮೇಶನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು) ಸ್ವಲ್ಪ ತಪ್ಪಿದರೂ ಬಿಂಬ ಕೆಡುವುದಿಲ್ಲ, ಅಗ್ಗದ ಐಪೀಸೂ ಚೆನ್ನಾಗಿ ಕೆಲಸ ಮಾಡುತ್ತದೆ. ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ತಿರುಗಿಸಿದರೆ ಒಮೆಗಾ ಸೆಂಟಾರಿ ನಕ್ಷತ್ರ ಗುಚ್ಛ ದಿಗಂತದಿಂದ 30 ಡಿಗ್ರಿ ಮೇಲೆ ಬರುತ್ತದೆ. ಈ ಐಪೀಸಿನ 48 ಪಟ್ಟಿನಲ್ಲಿ ಅದು ರವೆ ಚೆಲ್ಲಿದ ಹಾಗೆ ಕಾಣುತ್ತದೆ. ದೆಹಲಿಯವರಿಗೆ ಅದು ಇದರ ಅರ್ಧ ಎತ್ತರಕ್ಕೂ ಬರುವುದಿಲ್ಲ.

ದುಬೈಯಿಂದ ಬಂದದ್ದರ ಕಥೆ ಬೇಗ ಮುಗಿಯುತ್ತದೆ. 60 ಮಿಲಿಮೀಟರಿನ ಲೆನ್ಸು ಹೆಚ್ಚೆಂದರೆ 120 ಪಟ್ಟು ತಡೆಯುತ್ತದೆ, 525 ಅನ್ನುವುದು ಪೆಟ್ಟಿಗೆಯ ಮಾತು. ಐಪೀಸ್ 0.965 ಇಂಚಿನ ಹಳೇ ಅಳತೆಯದ್ದು. ಈಗ ಎಲ್ಲ ಕಡೆ ಸಿಗುವುದು 1.25 ಇಂಚಿನದ್ದು. ಸ್ಟ್ಯಾಂಡು ಮುಟ್ಟಿದರೆ ನಡುಗುತ್ತದೆ. ಸಾಲದ್ದಕ್ಕೆ ಲೆನ್ಸಿನ ಎರಡು ಗಾಜುಗಳ ಮಧ್ಯೆ ಬೂಷ್ಟು ಬೇರು ಬಿಟ್ಟ ಹಾಗೆ ಹರಡಿತ್ತು. ಬೂಷ್ಟು ತುಂಬ ದಿನ ಇದ್ದರೆ ಬಿಡುವ ಆಮ್ಲ ಗಾಜಿನ ಮೈಯನ್ನೇ ಕೊರೆಯುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಬಿಚ್ಚುವುದಾದರೆ ಯಾವ ಗಾಜು ಮುಂದೆ, ಯಾವುದು ಹಿಂದೆ, ಯಾವ ಕೋನದಲ್ಲಿ ಅಂತ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೇ ಬಿಚ್ಚಬೇಕು. ನಾನು ಹಾಗೆ ಬಿಚ್ಚಿ ಒರೆಸಿ ಜೋಡಿಸಿದೆ, ಅಷ್ಟೇ. ಖರ್ಚು ಹತ್ತಿಯದ್ದು.

ಆದರೂ ಅದು ಒಂದು ಸಲ ಚೆನ್ನಾಗಿ ಉಪಯೋಗಕ್ಕೆ ಬಂತು. 2019 ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಮೇಲೇ ಹಾದು ಹೋಯಿತಲ್ಲ. ಚೆರುವತ್ತೂರಿಗೆ ಎಲ್ಲಿಂದೆಲ್ಲ ಜನ ಬಂದಿದ್ದರು. ನಾನು ಊರಿನ ಶಾಲೆಯ ಮೈದಾನದಲ್ಲೇ ಇದರಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಮಕ್ಕಳಿಗೆ ತೋರಿಸಿದೆ. ಹಳೇ ಹೈಗನ್ಸ್ ಐಪೀಸಿನಲ್ಲಿ ಅಂಟು ಹಾಕಿದ ಗಾಜು ಇರುವುದಿಲ್ಲ, ಬಿಸಿಗೆ ಅಂಟು ಕೆಡುವ ಭಯ ಇಲ್ಲ. ಒಂದು ಎಚ್ಚರಿಕೆ: ಇಂಥ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು 'ಸನ್' ಫಿಲ್ಟರ್ ಇರುತ್ತದೆ. ಬಿಸಿಗೆ ಅದು ಫಟ್ಟನೆ ಒಡೆದರೆ ಕಣ್ಣು ಹೋಗುತ್ತದೆ. ಸಿಕ್ಕಿದ ಕೂಡಲೇ ಒಡೆದು ಬಿಸಾಡಿ.

ಮಳೆಗಾಲದ ಮಾತು ಹೇಳದಿದ್ದರೆ ಈ ರಿಪೇರಿಯೆಲ್ಲ ವ್ಯರ್ಥ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಜೂನ್ ಬರುವ ಮೊದಲು ಎರಡೂ ಕನ್ನಡಿ ಬಿಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಅದಕ್ಕೊಂದು ಬೇರೆ ಬಾಣಲೆ ಇಟ್ಟಿದ್ದೇನೆ, ಇಲ್ಲದಿದ್ದರೆ ಅಡಿಗೆಮನೆಯಿಂದ ಬೈಗುಳ ತಪ್ಪಿದ್ದಲ್ಲ. ಒಲೆಯ ಹೊಗೆ ಹೋಗುವ ಅಟ್ಟದಲ್ಲಿ ಮಾತ್ರ ಇಡಲೇಬೇಡಿ.

ಈಚೆಗೆ ಪೆರ್ಲದ ಕಡೆಯ ಪರಿಚಯದವರೊಬ್ಬರು ಹಳೇ 114 ಮಿಲಿಮೀಟರಿನ ಟೆಲಿಸ್ಕೋಪ್ ಹಿಡಿದುಕೊಂಡು ಬಂದರು. ಫೋಕಲ್ ಲೆಂತ್ 1000 ಅಂತ ಬರೆದಿದೆ, ಕೊಳವೆ ನೋಡಿದರೆ ಅದರ ಅರ್ಧದಷ್ಟು. ಅಂಥದ್ದರಲ್ಲಿ ಫೋಕಸರ್ ಒಳಗೆ ಒಂದು ಲೆನ್ಸ್ ಇಟ್ಟು ಫೋಕಸ್ ಉದ್ದ ಮಾಡಿರುತ್ತಾರೆ. ಬಿಂಬ ಹೆಚ್ಚಾಗಿ ಮೆತ್ತಗೆ, ಸರಿ ಹೊಂದಿಸುವುದೂ ತಲೆನೋವು. "ಅಣ್ಣ, ಇದರ ಕೋಟಿಂಗಿಗೆ ಖರ್ಚು ಮಾಡಬೇಡಿ, ಆ ದುಡ್ಡನ್ನು ಹೊಸತಕ್ಕೆ ಸೇರಿಸಿ" ಅಂದೆ. ಕನ್ನಡಿಯ ಅಂಚು ಸ್ವಲ್ಪ ಚಕ್ಕೆ ಹೋಗಿದೆಯಲ್ಲ, ಅದಕ್ಕಾ ಅಂತ ಕೇಳಿದರು. ಚಕ್ಕೆ ಹೋದರೆ ಹೋಗುವುದು ಅಷ್ಟು ಜಾಗದ ಬೆಳಕು ಮಾತ್ರ, ಅದು ಕಾರಣವೇ ಅಲ್ಲ ಅಂದೆ. ಅವರು ಮುಂದಿನ ಅಡಿಕೆ ಮಾರಿದ ಮೇಲೆ 6 ಇಂಚಿನ ಡಾಬ್ಸೋನಿಯನ್ ತರಿಸುವ ಯೋಚನೆಯಲ್ಲಿದ್ದಾರೆ.