ಗೇಣಿ ಪಟ್ಟಿಯಲ್ಲಿ ಸಿಕ್ಕ ಮೆಕೆಂಜಿಗಳು

ಸ್ಕಾಟ್ಲೆಂಡಿನ ಕುಲಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಡೆಯನಿಂದ ಶುರುಮಾಡುತ್ತಾರೆ. ಕೋಟೆ, ಲಾಂಛನ, ಯುದ್ಧ, ಮದುವೆ ಸಂಬಂಧ, ಆಮೇಲೆ ಉಳಿದ ಜಾಗದಲ್ಲಿ ಜನ. ಮೆಕೆಂಜಿ ಕುಲವನ್ನು ಓದಲು ಕುಳಿತಾಗ ನಾನು ಬೇಕೆಂದೇ ಗೇಣಿದಾರರ ಪಟ್ಟಿಯಿಂದ ಹೊರಟೆ. ಅದಕ್ಕೆ ಕಾರಣ ನನ್ನ ಮಕ್ಕಳು, ಅಂದರೆ ನನ್ನ ಶಾಲೆಯ ಮಕ್ಕಳು.

ಶ್ರೀರಂಗಪಟ್ಟಣ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಪ್ರತಿ ವರ್ಷ ಎಂಟನೇ ತರಗತಿಯವರನ್ನು ದರಿಯಾ ದೌಲತ್‌ಗೆ ಕರೆದುಕೊಂಡು ಹೋಗುವುದು ಪದ್ಧತಿ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಡೆಯ ನಾಯಕ ಕರ್ನಲ್ ಬೇಯ್ಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸೈನಿಕರು, ಒಂದು ಕಡೆ ಸ್ಫೋಟಗೊಳ್ಳುತ್ತಿರುವ ಮದ್ದಿನ ಬಂಡಿ. ಹೈದರ್ ಯಾರು, ಟಿಪ್ಪು ಯಾರು ಎಂದು ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ, ಅವರೇ ತೋರಿಸುತ್ತಿದ್ದರು. ಒಂದು ವರ್ಷ ಒಬ್ಬ ಹುಡುಗಿ ಆ ಕೆಂಪು ಕೋಟಿನವರತ್ತ ಬೆರಳು ಮಾಡಿ, "ಮಿಸ್, ಇವ್ರದ್ದು ಯಾವ ಊರು?" ಅಂದಳು. ಇಂಗ್ಲೆಂಡ್ ಎಂದು ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಅವರಲ್ಲಿ ಕಂಪನಿಯ ಸೈನಿಕರ ಜೊತೆಗೆ ಹೈಲ್ಯಾಂಡ್ಸ್ ಎಂಬ ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದ 73ನೇ ಹೈಲ್ಯಾಂಡ್ ರೆಜಿಮೆಂಟಿನ ಎರಡು ತುಕಡಿಗಳೂ ಇದ್ದವು. ಆ ರೆಜಿಮೆಂಟನ್ನು ಕಟ್ಟಿದವನು ಲಾರ್ಡ್ ಮೆಕ್ಲೌಡ್. ಬಿರುದು ಮೆಕ್ಲೌಡ್ ಆದರೂ ಆತ ಹುಟ್ಟಿನಿಂದ ಜಾನ್ ಮೆಕೆಂಜಿ, ಕ್ರೊಮಾರ್ಟಿಯ ಅರ್ಲ್‌ನ ಮಗ.

ಈ ಮನುಷ್ಯನ ಬದುಕು ವಿಚಿತ್ರ. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮರಳಿ ಸಿಂಹಾಸನಕ್ಕೆ ತರಲು ನಡೆದ 1745ರ ಜಾಕೊಬೈಟ್ ದಂಗೆಯಲ್ಲಿ ಅಪ್ಪ-ಮಗ ಇಬ್ಬರೂ ರಾಜನ ವಿರುದ್ಧ ನಿಂತರು. 1746ರ ಏಪ್ರಿಲ್ 15ರಂದು, ಆ ದಂಗೆಯನ್ನು ಅಡಗಿಸಿದ ಕಲೋಡನ್ ಯುದ್ಧದ ಹಿಂದಿನ ದಿನ, ಡನ್‌ರಾಬಿನ್ ಕೋಟೆಯಲ್ಲಿ ಸೆರೆಸಿಕ್ಕರು. ಪ್ರಾಣ ಉಳಿಯಿತು, ಜಮೀನು ಸರ್ಕಾರದ ವಶವಾಯಿತು. ಮಗ ಸ್ವೀಡನ್ನಿನ ಸೈನ್ಯ ಸೇರಿ, ದಶಕಗಳ ಮೇಲೆ ಹಿಂತಿರುಗಿ, ಹಿಂದೆ ಯಾವ ರಾಜಮನೆತನದ ವಿರುದ್ಧ ಕತ್ತಿ ಹಿಡಿದಿದ್ದನೋ ಅದೇ ಮನೆತನಕ್ಕಾಗಿ ರೆಜಿಮೆಂಟ್ ಕಟ್ಟಿ ಹೈದರನ ವಿರುದ್ಧ ಹೋರಾಡಲು ಮದ್ರಾಸಿಗೆ ಬಂದ. 1784ರಲ್ಲಿ ಅವನ ಎಸ್ಟೇಟು ಅವನಿಗೆ ಮರಳಿತು. ಮಂಗಳೂರು ಒಪ್ಪಂದವಾಗಿ ಶ್ರೀರಂಗಪಟ್ಟಣದ ಬ್ರಿಟಿಷ್ ಸೆರೆಯಾಳುಗಳು ಬಿಡುಗಡೆಯಾದದ್ದೂ ಅದೇ ವರ್ಷ. ಒಡೆಯನಿಗೆ ಜಮೀನು ಸಿಕ್ಕಿತು, ಸರಿ. ಅವನ ಹಿಂದೆ ಬಂದ ರೈತರ ಮಕ್ಕಳಿಗೆ ಏನು ಸಿಕ್ಕಿತು? ನಿವೃತ್ತಿಯಾಗಿ ಮಗಳ ಮನೆಗೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಹೋದಾಗ ಈ ಪ್ರಶ್ನೆ ನನ್ನ ಜೊತೆಗೇ ಬಂತು.

ಎಡಿನ್‌ಬರೋದ ದಾಖಲೆಗಳ ಭವನದಲ್ಲಿ ಓದುಗರ ಚೀಟಿ ಮಾಡಿಸುವುದು ಕಷ್ಟವಲ್ಲ. ಒಳಗೆ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ನನ್ನ ಪುಣ್ಯಕ್ಕೆ, ಮುಟ್ಟುಗೋಲಾದ ಎಸ್ಟೇಟುಗಳ ಕಾಗದಗಳು ಒಡೆಯರ ಖಾಸಗಿ ಕಾಗದಗಳಿಗಿಂತ ಹೆಚ್ಚು ವಿವರವಾಗಿವೆ. ಜಮೀನು ಸರ್ಕಾರಕ್ಕೆ ಹೋದ ಮೇಲೆ ಅಧಿಕಾರಿಗಳು ಪ್ರತಿ ಹಳ್ಳಿಯಲ್ಲೂ ಯಾರು ಉಳುತ್ತಾರೆ, ಎಷ್ಟು ಗೇಣಿ ಕೊಡುತ್ತಾರೆ ಎಂದು ಬರೆದರು. ಸ್ವಲ್ಪ ಹಣ, ಅದರ ಜೊತೆಗೆ ಬೆಣ್ಣೆ, ಕೋಳಿ, ಹಿಟ್ಟು. ನಾನು ಆರಿಸಿಕೊಂಡದ್ದು ಕ್ರೊಮಾರ್ಟಿ ಎಸ್ಟೇಟಿನಲ್ಲಿ ಪಶ್ಚಿಮ ಕರಾವಳಿಯ ಕೋಯಗಾಖ್ ಎಂಬ ಭಾಗವನ್ನು ಮಾತ್ರ. ಇಡೀ ಕುಲವನ್ನು ಹಿಡಿಯಲು ಹೋದರೆ ಯಾರೂ ಕೈಗೆ ಸಿಗುವುದಿಲ್ಲ.

ತೊಡಕು ಹೆಸರುಗಳದ್ದು. ಒಂದೇ ಹಳ್ಳಿಯಲ್ಲಿ ಹಲವು ಜಾನ್ ಮೆಕೆಂಜಿಗಳು, ಹಲವು ಕೆನೆತ್ ಮೆಕೆಂಜಿಗಳು. ತರಗತಿಯಲ್ಲಿ ನಾಲ್ಕು ಮಂಜುನಾಥರಿದ್ದರೆ ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು, ಊರು ಸೇರಿಸಿ ಬೇರೆ ಮಾಡುತ್ತೇವಲ್ಲ, ಇಲ್ಲೂ ಅದನ್ನೇ ಮಾಡಿದೆ. ಹೆಸರು, ಅಪ್ಪನ ಹೆಸರು, ಹಿಡುವಳಿ ಎಂದು ಮೂರು ಕಲಂ. ಗೇಲಿಕ್ ಮಾತಾಡುವ ಆ ಜನರಲ್ಲಿ ಅಡ್ಡಹೆಸರುಗಳೂ ಇದ್ದವು: ಕೆಂಚು ಕೂದಲಿನವನು ರುವಾ, ದೊಡ್ಡವನು ಮೋರ್, ಕಿರಿಯವನು ಓಗ್. ಗುಮಾಸ್ತ ಇಂಗ್ಲಿಷಿನಲ್ಲಿ ಬರೆಯುತ್ತ ಅವನ್ನು ತನಗೆ ಕೇಳಿಸಿದಂತೆ ಬರೆದಿದ್ದಾನೆ. ಜೋರಾಗಿ ಓದಿದರೆ ಹೆಚ್ಚಿನವು ಬಿಡಿಸಿಕೊಳ್ಳುತ್ತವೆ. ಇನ್ನೊಂದು ಮಾತು: ಮೆಕೆಂಜಿ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲರೂ ಒಡೆಯನ ರಕ್ತಸಂಬಂಧಿಗಳಲ್ಲ. ಅವನ ಜಮೀನಿನಲ್ಲಿದ್ದವರು, ಅವನ ರಕ್ಷಣೆ ಬೇಕಾದವರು ಅವನ ಹೆಸರನ್ನೇ ಇಟ್ಟುಕೊಂಡದ್ದೂ ಉಂಟು. ವಂಶವೃಕ್ಷ ಮಾಡಿಸುವವರು ಇದನ್ನು ಕೇಳಲು ಇಷ್ಟಪಡುವುದಿಲ್ಲ, ನನಗಂತೂ ಬಹಳ ಹಿಡಿಸಿತು.

ಒಡೆಯರ ಕಥೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಚಿತ್ರವಿದೆ. ಬೆಂಜಮಿನ್ ವೆಸ್ಟ್ 1786ರಲ್ಲಿ ಬರೆದದ್ದು, ಹನ್ನೆರಡು ಅಡಿ ಎತ್ತರ, ಹದಿನೇಳು ಅಡಿ ಅಗಲ. ಮೆಕೆಂಜಿಗಳ ಮೂಲಪುರುಷ ಎನ್ನಲಾದ ಕಾಲಿನ್ ಫಿಟ್ಜ್‌ಜೆರಾಲ್ಡ್, ರೊಚ್ಚಿಗೆದ್ದ ಸಾರಂಗದಿಂದ ರಾಜನನ್ನು ಕಾಪಾಡುತ್ತಿದ್ದಾನೆ. ಇತಿಹಾಸಕಾರರು ಆ ಮೂಲಪುರುಷನನ್ನು ಬಹಳ ಹಿಂದೆಯೇ ಕೈಬಿಟ್ಟಿದ್ದಾರೆ. ಚಿತ್ರ ಬರೆಸಿದವನು ಸೀಫೋರ್ತ್ ಮನೆತನದ ಒಡೆಯ. ಸ್ಕಾಟ್ಲೆಂಡಿನ ಸ್ಟಾರ್ನೊವೇ ಊರಿನ ಕಾಲಿನ್ ಮೆಕೆಂಜಿಗೆ ಬೆಂಬಲವಾಗಿ ನಿಂತದ್ದೂ ಇದೇ ಮನೆತನ. ಈ ಕಾಲಿನ್ ಮುಂದೆ ಮೈಸೂರು ಸೀಮೆಯ ಸರ್ವೆ ಮಾಡಿ, ಕಾವಲಿ ಸೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ನಮ್ಮ ಊರೂರುಗಳ ಕೈಫಿಯತ್ತು, ಶಾಸನಗಳನ್ನು ಸಂಗ್ರಹಿಸಿದ. ನಮ್ಮ ಹಳ್ಳಿಗಳ ಕಥೆಯನ್ನು ಶಾನುಭೋಗರ ಬಾಯಿಂದ ಬರೆಸಿಕೊಂಡವನ ಕುಲದ ಹಳ್ಳಿಗಳನ್ನು ನಾವೂ ಅಷ್ಟೇ ಆಸ್ಥೆಯಿಂದ ಕೇಳಬೇಕು ಎಂಬುದು ನನ್ನ ಹಟ.

ಗೇಣಿ ಪಟ್ಟಿಯಲ್ಲಿ ಹೆಂಗಸರು ಹೆಚ್ಚಾಗಿ ವಿಧವೆಯರಾಗಿ ಮಾತ್ರ ಬರುತ್ತಾರೆ, ಅದೂ ಗಂಡನ ಹೆಸರಿನ ಹಿಂದೆ. ಅವರನ್ನು ಹುಡುಕಲು 1851ರ ಜನಗಣತಿಗೆ ಬರಬೇಕಾಯಿತು. ಅದರಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ಊರು ಇದೆ. ಅದಾದ ಮರುವರ್ಷವೇ, 1852ರಲ್ಲಿ, ಕೋಯಗಾಖ್‌ನ ಬ್ಯಾಡೆನ್‌ಸ್ಕಾಲಿಯ ರೈತರನ್ನು ಎಬ್ಬಿಸಲು ಕ್ರೊಮಾರ್ಟಿ ಎಸ್ಟೇಟಿನವರು ನೋಟೀಸು ಕಳಿಸಿದರು. ಹೆಂಗಸರು ಅಮೀನರನ್ನು ಅಡ್ಡಗಟ್ಟಿ, ಕಾಗದ ಕಿತ್ತುಕೊಂಡು ಸುಟ್ಟರು. ಮರುವರ್ಷ ಮತ್ತೆ ಬಂದಾಗಲೂ ಬಿಡಲಿಲ್ಲ. ಕೊನೆಗೆ ಎಸ್ಟೇಟೇ ಹಿಂದೆ ಸರಿಯಿತು. ಹೈಲ್ಯಾಂಡ್ಸ್‌ನಲ್ಲಿ ಕುರಿಗಾಗಿ ಹಳ್ಳಿಗೆ ಹಳ್ಳಿಯನ್ನೇ ಖಾಲಿ ಮಾಡಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಗೆಲುವಲ್ಲ. ಒಕ್ಕಲೆಬ್ಬಿಸಲು ಬಂದದ್ದು ಹೊರಗಿನವರಲ್ಲ, ತಮ್ಮದೇ ಕುಲದ ಒಡೆಯರ ಎಸ್ಟೇಟು ಎಂಬುದನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಬ್ಯಾಡೆನ್‌ಸ್ಕಾಲಿಯ ಸ್ಮಶಾನಕ್ಕೂ ಹೋಗಿದ್ದೆ. ಸಮುದ್ರದ ಪಕ್ಕದ ಇಳಿಜಾರು, ಎದುರಿಗೆ ದ್ವೀಪಗಳು. ಕಲ್ಲುಗಳ ಮೇಲೆ ಮದುವೆಯಾದ ಹೆಂಗಸರ ತವರಿನ ಹೆಸರೂ ಕೆತ್ತಿರುವುದು ಸ್ಕಾಟ್ಲೆಂಡಿನ ಪದ್ಧತಿ, ಹುಡುಕುವವರಿಗೆ ಅದೊಂದು ವರ. ಸವೆದ ಅಕ್ಷರ ಓದಲು ಕಲ್ಲನ್ನು ಉಜ್ಜಬಾರದು, ಪಾಚಿ ಕೆರೆಯಬಾರದು. ಬದಿಯಿಂದ ಟಾರ್ಚ್ ಹಿಡಿದರೆ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಶಾಸನಗಳ ಮುಂದೆ ನನ್ನ ಗುರುಗಳು ಕಲಿಸಿದ ಉಪಾಯವಿದು. ಹಾಗೆ ಓದಿದ ಹೆಸರುಗಳನ್ನು ಜನಗಣತಿಯ ಮನೆಗಳಿಗೆ ಹೊಂದಿಸುತ್ತ ಹೋದೆ. ಕೆಲವು ಮನೆಗಳು ನೋಟೀಸಿನ ಕಾಲದಲ್ಲೂ, ಅದಾದ ಮೇಲಿನ ಜನಗಣತಿಯಲ್ಲೂ ಅಲ್ಲೇ ಇವೆ.

ಇನ್ನು ಉಳಿದಿರುವುದು 73ನೇ ರೆಜಿಮೆಂಟಿನ ಹಾಜರಿ ಪಟ್ಟಿಗಳು. ಅವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಭವನದಲ್ಲಿವೆ. ಗೇಣಿ ಪಟ್ಟಿಯ ಯಾವ ಯಾವ ಮನೆಯ ಹೆಸರನ್ನು ಅಲ್ಲಿ ಮೊದಲು ಹುಡುಕಬೇಕೆಂದು ಹಳ್ಳಿವಾರು ಬರೆದಿಟ್ಟುಕೊಂಡಿದ್ದೇನೆ. ಬರುವ ಬೇಸಿಗೆಯಲ್ಲಿ ಹೋಗುತ್ತೇನೆ.