ಅಡಿಗೆ ಅರ್ಧ ಇಂಚು: ಮೇಜಿನ ಮೇಲೆ ಲಾರಿ ಕಟ್ಟುವ ಬಗೆ

ಲಾರಿ ಸ್ಟ್ಯಾಂಡಿನಲ್ಲಿ ಟೇಪು ಹಿಡಿದು ಗಾಡಿಯ ಕೆಳಗೆ ಬಗ್ಗಿದವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಚಿತ್ರದುರ್ಗದಲ್ಲಿ ಹಳೆಯ ಟಾಟಾ 1210ರ ಅಳತೆ ತೆಗೆಯುತ್ತಿದ್ದಾಗ ಅದರ ಡ್ರೈವರ್ ಟೀ ಲೋಟ ಕೆಳಗಿಟ್ಟು ಬಂದರು. "ಇನ್ಶೂರೆನ್ಸ್‌ನೋರಾ ಸಾರ್?" ಅಲ್ಲಣ್ಣ, ಇದೇ ಲಾರೀನ ಒಂದಡಿ ಉದ್ದಕ್ಕೆ ಮಾಡ್ತೀನಿ ಅಂದೆ. ಅವರು ಪೂರ್ತಿ ನಂಬಲಿಲ್ಲ, ಆದರೂ ಟೇಪಿನ ಇನ್ನೊಂದು ತುದಿ ಹಿಡಿದರು. "ಹಂಗಾದ್ರೆ ಹಿಂದಿನ ಪ್ಲೇಟ್ ಎಷ್ಟೈತೆ ಅಂತ ಎಣಿಸ್ಕೊಳ್ಳಿ. ಗಾಡಿ ನಿಂತಿರಾದೇ ಅದ್ರ ಮೇಲೆ."

ಪ್ಲೇಟ್ ಎಂದರೆ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗಿನ ಪಟ್ಟಿಗಳು. ಡ್ರೈವರಣ್ಣನ ಆ ಮಾತು ನನ್ನ ಹವ್ಯಾಸದ ದಾರಿಯನ್ನೇ ತಿದ್ದಿತು. ಅಲ್ಲಿಯವರೆಗೆ ನಾನು ಲಾರಿಯನ್ನು ಹೊರಗಿನಿಂದ ಒಳಕ್ಕೆ ಮಾಡುತ್ತಿದ್ದೆ: ಮೊದಲು ಮುಖ, ಆಮೇಲೆ ಬಾಡಿ, ಕೊನೆಗೆ ಅಡಿಯಲ್ಲಿ ಏನೋ ಒಂದಿಷ್ಟು. ಈಗ ನಿಜವಾದ ಲಾರಿ ಹುಟ್ಟುವ ಕ್ರಮದಲ್ಲೇ ಕಟ್ಟುತ್ತೇನೆ. ಕಾರ್ಖಾನೆಯಿಂದ ಬರುತ್ತಿದ್ದದ್ದು ಚಾಸಿ ಮತ್ತು ಮುಂದಿನ ಕೌಲ್ (ಬಾನೆಟ್ಟಿರುವ ಮುಖಭಾಗ) ಮಾತ್ರ. ಕ್ಯಾಬಿನ್ನು, ಹಲಗೆ, ಕ್ಯಾರಿಯರ್ ಎಲ್ಲವನ್ನೂ ಬಾಡಿ ಬಿಲ್ಡರ್‌ಗಳು ಮರದಲ್ಲಿ ಕಟ್ಟುತ್ತಿದ್ದರು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡುಗಳು ಈ ಕೆಲಸಕ್ಕೇ ಹೆಸರಾದ ಊರುಗಳು. ಅವರ ಹಿಂದೆ ಹೆಜ್ಜೆ ಹಾಕಿದರೆ ಸಾಕು, ಮಾದರಿ ತಪ್ಪುವುದಿಲ್ಲ.

ಯಾವ ಲಾರಿ ಮೊದಲು?

ಅಂಗಡಿಯ ಕಿಟ್ ಇಲ್ಲದೆ, ಹಾಳೆ ಕಡ್ಡಿಗಳಿಂದಲೇ ಕಟ್ಟುವುದನ್ನು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಮೊದಲ ಪ್ರಯತ್ನಕ್ಕೆ ಹೊಸ ಲಾರಿಗಳ ಕಡೆ ಹೋಗಬೇಡಿ. ಅವುಗಳ ಕ್ಯಾಬಿನ್ ತುಂಬ ಉಬ್ಬು, ತಿರುವು. ಗಾಜು ಕೂಡ ಬಾಗಿರುತ್ತದೆ. ಮರದ ಕ್ಯಾಬಿನ್ನಿನ 1210 ಎಸ್‌ಇಯಲ್ಲಿ ಬಾನೆಟ್ ಮತ್ತು ಮಡ್‌ಗಾರ್ಡ್ ಬಿಟ್ಟರೆ ಉಳಿದದ್ದೆಲ್ಲ ಚಪ್ಪಟೆ ಹಲಗೆ, ನೇರ ಗೆರೆ, ಸಪಾಟು ಗಾಜು. ಕೈ ಪಳಗಲು ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಹೆಸರಿನಲ್ಲೇ ಅದರ ಜಾತಕವೂ ಇದೆ. 12 ಎಂದರೆ ಸರಕು ಸೇರಿ ಒಟ್ಟು ತೂಕ ಸುಮಾರು 12 ಟನ್, 10 ಎಂದರೆ ಅಂದಾಜು 100 ಅಶ್ವಶಕ್ತಿ. 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಡೈಮ್ಲರ್ ಬೆಂಜ್ ಸಹಯೋಗದಲ್ಲಿ ಶುರುವಾದ ಲಾರಿಗಳ ವಂಶದ್ದು ಇದು. ಸಹಯೋಗ 1969ಕ್ಕೆ ಮುಗಿದರೂ ಆ ದುಂಡು ಮೂಗಿನ ಚಹರೆ ನಮ್ಮ ಹೆದ್ದಾರಿಗಳಲ್ಲಿ ಬಹುಕಾಲ ಉಳಿಯಿತು.

ಈ ಗಾಡಿಗಳು ಬೇಗ ಬೇಗ ಗುಜರಿ ಸೇರುತ್ತಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಡ್ರೈವರ್‌ಗಳ ಮಟ್ಟಿಗೆ ಅದು ಎಂದೋ ಆಗಬೇಕಿದ್ದ ಕೆಲಸ. ಆದರೆ ಮರದ ಕ್ಯಾಬಿನ್ನಿನ ಅಳತೆ ತೆಗೆಯುವ ಆಸೆ ಇದ್ದವರು ತಡ ಮಾಡಬಾರದು.

ಅಳತೆ

ಸ್ಕೇಲು 1:24 ಇರಲಿ. ರಿಮೋಟ್ ಲಾರಿಗಳ 1:14 ಮೇಜಿಗೆ ದೊಡ್ಡದಾಯಿತು, ರೈಲು ಮಾದರಿಯವರ 1:87 ಕಣ್ಣಿಗೆ ಚಿಕ್ಕದಾಯಿತು. 1:24ರಲ್ಲಿ ಒಂದು ಅಡಿ ಎಂದರೆ ಸರಿಯಾಗಿ ಅರ್ಧ ಇಂಚು. ಲಾರಿಯವರು ಇಂದಿಗೂ ಮಾತಾಡುವುದು ಅಡಿ ಲೆಕ್ಕದಲ್ಲಿ. "17 ಫೀಟ್ ಬಾಡಿ" ಎಂದರೆ ನಿಮ್ಮ ಮೇಜಿನ ಮೇಲೆ ಎಂಟೂವರೆ ಇಂಚು, ಏಳು ಅಡಿ ಅಗಲ ಎಂದರೆ ಮೂರೂವರೆ ಇಂಚು. 24 ಅಡಿಯ ಇಡೀ ಗಾಡಿ ಒಂದಡಿ ಸ್ಕೇಲಿನಷ್ಟು.

ಇನ್ನೊಂದು ಸುಲಭ ಲೆಕ್ಕ: ನಿಜದ ಒಂದು ಇಂಚು ಮಾದರಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬೋಲ್ಟು, ಹಿಡಿ, ಹಲಗೆಯ ದಪ್ಪದಂಥ ಸಣ್ಣವಕ್ಕೆ ಮಾತ್ರ ಇದನ್ನು ಬಳಸಿ. ನನ್ನ ಮೊದಲ ಬಾಡಿಯ ಉದ್ದವನ್ನೂ ಹೀಗೇ ಲೆಕ್ಕ ಹಾಕಿ 204 ಮಿ.ಮೀ.ಗೆ ಕತ್ತರಿಸಿದ್ದೆ. ಬೇಕಿದ್ದದ್ದು 216. ಹನ್ನೆರಡು ಮಿಲಿಮೀಟರ್ ಎಂದರೆ ನಿಜದ ಲಾರಿಯಲ್ಲಿ ಸುಮಾರು ಒಂದಡಿ. ಹಿಂದಿನ ಚಕ್ರದ ಮೇಲೆ ಬಾಡಿ ಮುಗಿದೇಹೋಗಿತ್ತು. ಪೂರಾ ಬಿಚ್ಚಬೇಕಾಯಿತು.

ಲಾರಿಯ ಹತ್ತಿರ ಹೋದಾಗ ಮೊದಲು ಮಾಲೀಕರನ್ನೋ ಡ್ರೈವರನ್ನೋ ಕೇಳಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು ಎಂಬುದೇ ಮೊದಲ ಅಳತೆ. ಈ ಗಾಡಿಯಲ್ಲಿ ಅದು ಸುಮಾರು 4.2 ಮೀಟರ್, ಅಂದರೆ ಮಾದರಿಯಲ್ಲಿ 176 ಮಿ.ಮೀ. ಆಸುಪಾಸು. ಫೋಟೊ ತೆಗೆಯುವಾಗ ದೂರ ನಿಂತು, ಜೂಮ್ ಮಾಡಿ, ಗಾಡಿಗೆ ನೇರವಾಗಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಉಬ್ಬಿ ಕಾಣುತ್ತದೆ, ಅಳತೆಗೆ ಬರುವುದಿಲ್ಲ. ಪ್ರತಿ ಫೋಟೊದಲ್ಲೂ ಒಂದು ಅಡಿಪಟ್ಟಿ ಇರಲಿ. ಮನೆಗೆ ಬಂದು ಬದಿಯ ನೋಟ, ಮುಂದಿನ ನೋಟಗಳನ್ನು ಗ್ರಾಫ್ ಹಾಳೆಯ ಮೇಲೆ ಮಾದರಿಯ ಪೂರ್ಣ ಅಳತೆಗೆ ಬರೆದು ಗೋಡೆಗೆ ಅಂಟಿಸಿ. ಕತ್ತರಿಸಿದ ಪ್ರತಿ ತುಂಡನ್ನೂ ಅದರ ಮೇಲಿಟ್ಟು ನೋಡಬೇಕು.

ಸಾಮಾನು

ಚಾಸಿ, ಕ್ಯಾಬಿನ್ನಿಗೆ ಅರ್ಧ ಮತ್ತು ಒಂದು ಮಿ.ಮೀ. ಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಶೀಟ್ ಬೇಕು. ಅದು ಸಿಗದಿದ್ದರೆ ಬೋರ್ಡ್ ಬರೆಯುವವರ ಬಳಿ ಸಿಗುವ ಮೂರು ಮಿ.ಮೀ. ಪಿವಿಸಿ ಫೋಮ್ ಶೀಟ್ ದಪ್ಪ ಭಾಗಗಳಿಗೆ ಆಗುತ್ತದೆ. ಸ್ಟೈರೀನಿಗೆ ನೀರಿನಂಥ ಪ್ಲಾಸ್ಟಿಕ್ ಸಿಮೆಂಟ್: ಎರಡು ತುಂಡು ಜೋಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ತಾಕಿಸಿದರೆ ತಾನೇ ಒಳಗೆ ಹರಿದು ಬೆಸೆಯುತ್ತದೆ. ಫೋಮ್ ಶೀಟಿಗೆ ಫೆವಿಕ್ವಿಕ್, ಮರಕ್ಕೆ ಫೆವಿಕಾಲ್. ಇವುಗಳ ಜೊತೆಗೆ ಸ್ಟೀಲ್ ಸ್ಕೇಲು, ಗುಣ್ಯ (ಮೂಲೆಮಟ್ಟ), ಕಟರ್, ಕೈಡ್ರಿಲ್, 400 ಮತ್ತು 600 ನಂಬರಿನ ವಾಟರ್ ಪೇಪರ್. ಸಿಮೆಂಟು ಬಳಸುವಾಗ ಕಿಟಕಿ ತೆರೆದಿರಲಿ, ಉಜ್ಜುವಾಗ ಮಾಸ್ಕ್ ಇರಲಿ. ಫೋಮ್ ಶೀಟನ್ನು, ಪಿವಿಸಿ ಪೈಪನ್ನು ಕಾದ ಬ್ಲೇಡಿನಿಂದ ಕತ್ತರಿಸಬೇಡಿ, ಆ ಹೊಗೆ ವಿಷ.

ಚಾಸಿ ಮತ್ತು ಪ್ಲೇಟ್ ಕಟ್ಟು

ಚಾಸಿ ಎಂದರೆ ಮಲಗಿಸಿದ ಏಣಿ. ಎರಡು ಉದ್ದ ಪಟ್ಟಿ, ನಡುವೆ ಅಡ್ಡಪಟ್ಟಿಗಳು. ಉದ್ದ ಪಟ್ಟಿ ಗಟ್ಟಿ ಚೌಕವಲ್ಲ, ಒಳಮುಖದ ಸಿ ಆಕಾರ. ಒಂದು ಮಿ.ಮೀ. ಶೀಟಿನಲ್ಲಿ 9 ಮಿ.ಮೀ. ಎತ್ತರದ ಪಟ್ಟಿ ಕತ್ತರಿಸಿ, ಮೇಲೂ ಕೆಳಗೂ 3 ಮಿ.ಮೀ. ಅಂಚು ಕೂಡಿಸಿ. ಎರಡನ್ನೂ ಒಟ್ಟಿಗೆ ಟೇಪ್ ಸುತ್ತಿ ಒಂದೇ ಸಲ ತೂತು ಕೊರೆದರೆ ಎಡಬಲ ಒಂದೇ ಸಾಲಿಗೆ ಬರುತ್ತವೆ. ಗಾಜಿನ ಮೇಲೆ ಇಟ್ಟು ಜೋಡಿಸಿ. ಇಲ್ಲಿ ಅರ್ಧ ಮಿಲಿಮೀಟರ್ ತಿರುಚಿದರೂ ಮುಗಿದ ಲಾರಿ ಮೂರೇ ಚಕ್ರದ ಮೇಲೆ ನಿಲ್ಲುತ್ತದೆ.

ಈಗ ಆ ಡ್ರೈವರಣ್ಣ ಹೇಳಿದ ಪ್ಲೇಟ್‌ಗಳು. ಲೀಫ್ ಸ್ಪ್ರಿಂಗನ್ನು ಒಂದೇ ದಪ್ಪ ತುಂಡಿನಲ್ಲಿ ಕೆತ್ತಿ ಗೀರು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಮಿ.ಮೀ. ಶೀಟಿನಲ್ಲಿ 3 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಮೇಲಿನದು ಎಲ್ಲಕ್ಕಿಂತ ಉದ್ದ, ಕೆಳಕ್ಕೆ ಹೋದಂತೆ ಒಂದೊಂದೂ ಗಿಡ್ಡ. ಪಟ್ಟಿಗಳನ್ನು ದಪ್ಪ ಬಾಟಲಿಗೆ ದಾರದಿಂದ ಸುತ್ತಿ ಕಟ್ಟಿ, ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ತಣ್ಣೀರಿಗೆ ಹಾಕಿ. ಬಾಗು ನಿಲ್ಲುತ್ತದೆ. ಪ್ರತಿ ಪಟ್ಟಿಯ ನಡುವೆ ಸಣ್ಣ ತೂತು ಕೊರೆದು ಗುಂಡುಸೂಜಿ ಪೋಣಿಸಿದರೆ ನಿಜವಾದ ಸೆಂಟರ್ ಬೋಲ್ಟಿನ ಹಾಗೆಯೇ ಎಲ್ಲವೂ ಸಾಲಾಗಿ ಕೂರುತ್ತವೆ. ತಾಮ್ರದ ತಂತಿಯನ್ನು ಬಾಗಿಸಿ ಯು ಬೋಲ್ಟ್ ಮಾಡಿ ಆಕ್ಸಲ್ಲಿಗೆ ಬಿಗಿಯಿರಿ. ಹಿಂದೆ ದೊಡ್ಡ ಕಟ್ಟಿನ ಮೇಲೆ ಇನ್ನೊಂದು ಸಣ್ಣ ಕಟ್ಟು ಇರುತ್ತದೆ. ಅದು ಹೆಲ್ಪರ್, ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವಂಥದ್ದು.

ನಿಮ್ಮ ಲಾರಿ ಖಾಲಿಯೋ ಲೋಡೋ ಎಂಬ ತೀರ್ಮಾನ ಇಲ್ಲೇ, ಬಾಡಿ ಹುಟ್ಟುವ ಮುಂಚೆಯೇ ಆಗಬೇಕು. ಖಾಲಿ ಗಾಡಿಯಾದರೆ ಪ್ಲೇಟುಗಳು ಚೆನ್ನಾಗಿ ಬಾಗಿರುತ್ತವೆ, ಹೆಲ್ಪರಿನ ತುದಿಗಳಿಗೂ ಚಾಸಿಯ ಬ್ರಾಕೆಟ್ಟಿಗೂ ನಡುವೆ ಬೆಳಕು ಕಾಣುತ್ತದೆ, ಗಾಡಿಯ ಹಿಂಭಾಗ ಎತ್ತಿ ನಿಂತಿರುತ್ತದೆ. ಲೋಡಾದರೆ ಪ್ಲೇಟು ಹೆಚ್ಚುಕಡಿಮೆ ನೇರ, ಹೆಲ್ಪರ್ ಬ್ರಾಕೆಟ್ಟಿಗೆ ಒತ್ತಿರುತ್ತದೆ. ಬಾಗಿದ ಪ್ಲೇಟಿನ ಮೇಲೆ ಅಕ್ಕಿ ಮೂಟೆ ಪೇರಿಸಿದ ಮಾದರಿಗೆ ಎಷ್ಟು ಚೆಂದ ಬಣ್ಣ ಬಳಿದರೂ ತೂಕ ಬರುವುದಿಲ್ಲ. ನೋಡುವವರಿಗೆ ಕಾರಣ ಗೊತ್ತಾಗದಿರಬಹುದು, ಆದರೆ ಏನೋ ಸರಿಯಿಲ್ಲ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಚಕ್ರ

ಟೈರಿನ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. 9.00-20 ಟೈರಿನ ವ್ಯಾಸ ಸುಮಾರು 1018 ಮಿ.ಮೀ., ಅಂದರೆ ಮಾದರಿಗೆ 42.4. 10.00-20 ಆದರೆ ಸುಮಾರು 44. ನಮ್ಮಲ್ಲಿ ಪ್ಲಂಬಿಂಗಿಗೆ ಸಿಗುವ 40 ಮಿ.ಮೀ. ಪಿವಿಸಿ ಪೈಪಿನ ಹೊರ ವ್ಯಾಸವೇ 40. ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಒಂದು ಸುತ್ತು ಅಂಟಿಸಿದರೆ ಮೊದಲ ಟೈರು, ಎರಡು ಸುತ್ತಾದರೆ ಎರಡನೆಯದು. 11 ಮಿ.ಮೀ. ಅಗಲದ ಏಳು ಬಳೆ ಬೇಕು: ಮುಂದೆ ಎರಡು, ಹಿಂದೆ ನಾಲ್ಕು, ಸ್ಟೆಪ್ನಿ ಒಂದು. ಪೈಪಿಗೆ ಒಂದು ಕಾಗದದ ಪಟ್ಟಿ ಸುತ್ತಿ, ಅದರ ಅಂಚು ಸರಿಯಾಗಿ ಕೂಡಿದ ಗೆರೆಯಲ್ಲಿ ಗರಗಸ ಆಡಿಸಿದರೆ ವಾರೆಯಾಗುವುದಿಲ್ಲ. ರಿಮ್ಮಿಗೆ 25 ಮಿ.ಮೀ. ಪೈಪಿನ ಬಳೆ ಚೆನ್ನಾಗಿ ಹೊಂದುತ್ತದೆ. ಎರಡರ ನಡುವಿನ ಜಾಗವನ್ನು ಶೀಟಿನ ಬಿಲ್ಲೆಯಿಂದ ಮುಚ್ಚಿ, ಹೊರ ಅಂಚನ್ನು ದುಂಡಗೆ ಉಜ್ಜಿ.

ಮುಂದಿನ ಟೈರಿಗೆ ಸುತ್ತಲೂ ಉದ್ದ ಗೆರೆ, ಹಿಂದಿನದಕ್ಕೆ ಅಡ್ಡ ಕಚ್ಚು: ನಮ್ಮ ಲಾರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ. ವೀಲ್ ನಟ್ ಎಷ್ಟಿವೆ ಎಂದು ಫೋಟೊದಲ್ಲಿ ಎಣಿಸಿ, ಕೋನಮಾಪಕದಿಂದ ಗುರುತು ಹಾಕಿ. ಹತ್ತಿದ್ದರೆ 36 ಡಿಗ್ರಿಗೊಂದು.

ಕೌಲ್, ಕ್ಯಾಬಿನ್, ಬಾಡಿ

ದುಂಡು ಬಾನೆಟ್ಟನ್ನು ಶೀಟಿನಲ್ಲಿ ಬಾಗಿಸಲು ಹೋಗಿ ನಾನು ಎರಡು ವಾರ ಕಳೆದೆ. ಕೊನೆಗೆ ಕೈಹಿಡಿದದ್ದು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರದ ತುಂಡು. ಅದರ ಎಳೆ ನಯ, ಚಾಕುವಿಗೆ ಬೆಣ್ಣೆಯ ಹಾಗೆ ಒದಗುತ್ತದೆ, ಸಿಬಿರು ಏಳುವುದಿಲ್ಲ. ಗಟ್ಟಿ ಕಾಗದದಲ್ಲಿ ಬಾನೆಟ್ಟಿನ ಅಡ್ಡಕೊಯ್ತದ ಅಚ್ಚು ಕತ್ತರಿಸಿಕೊಂಡು, ಸ್ವಲ್ಪ ಸ್ವಲ್ಪವೇ ಕೆತ್ತಿ ಅಚ್ಚು ಹಿಡಿದು ನೋಡುತ್ತಾ ಹೋಗಿ. ಆಮೇಲೆ ಸೀಲರ್ ಎರಡು ಕೋಟ್ ಕೊಟ್ಟು ಉಜ್ಜಿದರೆ ಲೋಹದ ನುಣುಪು ಬರುತ್ತದೆ.

ಏಳು ಇಂಚಿನ ದುಂಡು ಹೆಡ್‌ಲೈಟು ಮಾದರಿಯಲ್ಲಿ ಏಳೂವರೆ ಮಿ.ಮೀ. ಪಾರದರ್ಶಕ ಮಾತ್ರೆ ಪಟ್ಟಿಯ ಗುಳ್ಳೆಗಳಲ್ಲಿ ಹೊಂದುವುದೊಂದನ್ನು ಹುಡುಕಿ ಕತ್ತರಿಸಿ, ಹಿಂದೆ ಬೆಳ್ಳಿ ಕಾಗದ ಇಡಿ. ಕ್ಯಾಬಿನ್ನಿನ ಗಾಜಿಗೆ ಜೆರಾಕ್ಸ್ ಅಂಗಡಿಯ ಪಾರದರ್ಶಕ ಹಾಳೆ ಸಾಕು. ಆದರೆ ಅದನ್ನು ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ, ಫೆವಿಕಾಲೇ ಸರಿ.

ಬಾಡಿಯನ್ನು ಮರದಲ್ಲೇ ಮಾಡಿ. ಚಾಸಿಯ ಮೇಲೆ ಮೊದಲು ಎರಡು ಉದ್ದ ತೊಲೆ, ಅದರ ಮೇಲೆ ಅಡ್ಡತೊಲೆಗಳು, ಆಮೇಲೆ ನೆಲದ ಹಲಗೆ. ಕಾಫಿ ಕಲಕುವ ಮರದ ಕಡ್ಡಿಗಳು ಹಲಗೆಗೆ ಹೇಳಿಮಾಡಿಸಿದಂತಿವೆ. ಎರಡು ಹಲಗೆಯ ನಡುವೆ ಕೂದಲೆಳೆ ಸಂದಿ ಬಿಡಿ.

ಬಣ್ಣ, ಬರಹ

ಬೂದು ಪ್ರೈಮರ್ ಹೊಡೆದ ದಿನ ಎಲ್ಲ ತಪ್ಪುಗಳೂ ಎದ್ದು ಕಾಣುತ್ತವೆ. ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಪ್ರೈಮರ್. ಅವಸರ ಬೇಡ.

ಹಳೆಯ ನ್ಯಾಷನಲ್ ಪರ್ಮಿಟ್ ಗಾಡಿಯಾದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಆಗ ಬಣ್ಣವನ್ನು ಹೇಳಿಬಿಟ್ಟಿದ್ದವು: ಒಣಗಿದ ಎಲೆಯ ಕಂದು, 30 ಸೆಂ.ಮೀ. ಅಗಲದ ಬಿಳಿ ಅಂಚು, ಎರಡೂ ಬದಿಗೆ 60 ಸೆಂ.ಮೀ. ವೃತ್ತದೊಳಗೆ 'ನ್ಯಾಷನಲ್ ಪರ್ಮಿಟ್' ಎಂಬ ಬರಹ. ನಿಮ್ಮ ಲೆಕ್ಕಕ್ಕೆ ಅಂಚು ಹನ್ನೆರಡೂವರೆ ಮಿ.ಮೀ., ವೃತ್ತ 25 ಮಿ.ಮೀ. ಬಿಳಿಯನ್ನು ಮೊದಲು ಬಳಿದು, ಒಣಗಿದ ಮೇಲೆ ಟೇಪ್ ಅಂಟಿಸಿ ಕಂದು ಬಳಿಯಿರಿ; ಕಂದಿನ ಮೇಲೆ ಬಿಳಿ ಬಳಿದರೆ ಅಡಿಯ ಕಂದು ಇಣುಕುತ್ತದೆ.

ನಂಬರ್ ಪ್ಲೇಟ್ ಹಳದಿ, ಅಕ್ಷರ ಕಪ್ಪು. ಹಣೆಬರಹ ಮತ್ತು ನಂಬರು ಒಂದೇ ಊರಿನವಾಗಿರಲಿ. ಚಿತ್ರದುರ್ಗದ ಕೆಎ 16 ಎಂದು ಬರೆದರೆ ಕ್ಯಾಬಿನ್ನಿನ ನೆತ್ತಿಯ ಮೇಲೆ 'ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ' ಒಪ್ಪುತ್ತದೆ, ಕೊಪ್ಪಳದ ಕೆಎ 37 ಆದರೆ 'ಶ್ರೀ ಗವಿಸಿದ್ದೇಶ್ವರ ಪ್ರಸನ್ನ'. ಇದನ್ನು ಪ್ರಿಂಟ್ ತೆಗೆದು ಅಂಟಿಸುವುದಕ್ಕಿಂತ ಸೊನ್ನೆ ನಂಬರಿನ ಕುಂಚದಲ್ಲಿ ಕೈಯಾರೆ ಬರೆಯಿರಿ. ಬೋರ್ಡ್ ಬರೆಯುವವರ ಕೈಯ ಏರಿಳಿತ ಕಂಪ್ಯೂಟರ್ ಅಕ್ಷರದಲ್ಲಿ ಇರುವುದಿಲ್ಲ.

ಧೂಳಿಗೆ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಕುಂಚದಿಂದ ಚಾಸಿ, ಮಡ್‌ಗಾರ್ಡಿನ ಒಳಬದಿ, ಹಿಂದಿನ ಡೋರಿಗೆ ಸವರಿ. ಸಂಡೂರು, ಹೊಸಪೇಟೆಯ ಅದಿರು ಲಾರಿ ಮಾಡುವವರು ಕ್ಯಾಬಿನ್ನಿನ ಮೇಲೂ ಧಾರಾಳವಾಗಿ ಬಳಿಯಬೇಕು, ವೈಪರ್ ಆಡಿದ ಅರ್ಧಚಂದ್ರ ಮಾತ್ರ ಸ್ವಚ್ಛ ಇರಲಿ. ಮೇಲೆ ಮ್ಯಾಟ್ ವಾರ್ನಿಷ್ ಒಂದು ತೆಳು ಕೋಟ್.

ಕೊನೆಯದು ಟಾರ್ಪಾಲು. ಬಟ್ಟೆ ಎಷ್ಟು ತೆಳುವಾದರೂ ಈ ಅಳತೆಗೆ ಒರಟು. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಲೋಡಿನ ಮೇಲೆ ಹೊದಿಸಿ, ಒದ್ದೆ ಇರುವಾಗಲೇ ಮೂಟೆಗಳ ಉಬ್ಬು ತಗ್ಗಿಗೆ ಬೆರಳಿನಿಂದ ಒತ್ತಿ. ಹೊಲಿಗೆ ದಾರ ಮೂರೆಳೆ ಹೊಸೆದು ಮೇಣ ತಿಕ್ಕಿದರೆ ಹಗ್ಗವಾಯಿತು. ಕ್ಯಾಬಿನ್ ಕಡೆಯಿಂದ ಹಿಂದಕ್ಕೆ, ಕ್ಲೀನರ್ ಹುಡುಗ ಕಟ್ಟುವ ಹಾಗೆ ಕೊಂಡಿಯಿಂದ ಕೊಂಡಿಗೆ ಅಡ್ಡಡ್ಡ ಎಳೆದು, ಕಾಗದ ಇನ್ನೂ ಹಸಿ ಇರುವಾಗಲೇ ಬಿಗಿಯಿರಿ. ಆಗಲೇ ಹಗ್ಗ ಟಾರ್ಪಾಲಿನೊಳಕ್ಕೆ ಇಳಿಯುವುದು.