ಅಗತೆ ಬಿಟ್ಟು ರಂಜಕ ಉಳಿಸಿಕೊಂಡದ್ದು: ನನ್ನ ಅನುಭವ

ಕಾಫಿ ತೋಟವನ್ನು ಗುದ್ದಲಿಯಿಂದ ಪೂರ್ತಿ ಅಗೆಯುವ ಅಗತೆ ಮಾಡದಿದ್ದರೆ ಗೊಬ್ಬರ ಬೇರಿಗೆ ಇಳಿಯುವುದಿಲ್ಲ ಎಂದು ಅಕ್ಕಪಕ್ಕದ ತೋಟದವರೆಲ್ಲ ಹೇಳಿದ್ದರು. ನನ್ನ ರೊಬಸ್ಟಾ ಕಾಫಿಯ 2 ಎಕರೆಯಲ್ಲಿ ಐದು ವರ್ಷದಿಂದ ಗುದ್ದಲಿ ಹಾಕಿಲ್ಲ. ಮಣ್ಣು ಪರೀಕ್ಷೆಯಲ್ಲಿ ರಂಜಕ (ಫಾಸ್ಫರಸ್) ‘ಕಡಿಮೆ’ಯಿಂದ ‘ಮಧ್ಯಮ’ಕ್ಕೆ ಏರಿದೆ. ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟ್ ಎಕರೆಗೆ 4 ಮೂಟೆ ಹಾಕುತ್ತಿದ್ದದ್ದು 2ಕ್ಕೆ ಇಳಿದಿದೆ. ಅಗತೆಗೆ ಎಕರೆಗೆ 20ರ ಮೇಲೆ ಆಳು ಬೇಕಿತ್ತು. ಆಳಿಗೆ 500 ರೂಪಾಯಿ ಲೆಕ್ಕ ಹಿಡಿದರೂ ಎಕರೆಗೆ 10 ಸಾವಿರ ಉಳಿಯಿತು.

ನಮ್ಮ ಹುಳಿ (ಆಮ್ಲೀಯ) ಕೆಂಪುಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿಯುವುದು ಎಲ್ಲರಿಗೂ ಗೊತ್ತು. ಗೊಬ್ಬರ ಚೆಲ್ಲಿ ಅಗೆದರೆ ಪ್ರತಿ ಹರಳಿಗೂ ಹೊಸ ಮಣ್ಣು ತಾಗುತ್ತದೆ, ಹಿಡಿತ ಇನ್ನೂ ಹೆಚ್ಚುತ್ತದೆ. ನಾವೇ ದುಡ್ಡು ಕೊಟ್ಟು ರಂಜಕವನ್ನು ಮಣ್ಣಿಗೆ ಕಟ್ಟಿಹಾಕಿಸುತ್ತಿದ್ದೆವು.

ಮೊದಲ ವರ್ಷ ಮಾತ್ರ ಪೂರ್ತಿ ಸೋಲು. ಅಗತೆ ಬಿಟ್ಟೆ, ಗೊಬ್ಬರವನ್ನು ತರಗೆಲೆಯ ಮೇಲೇ ಎರಚಿದೆ. ಜೂನ್ ಮಳೆಗೆ ಅರ್ಧಕ್ಕರ್ಧ ಇಳಿಜಾರಿನಲ್ಲಿ ಹರಿದು ಹೋಯಿತು. ಎರಡನೇ ವರ್ಷ ಸುಣ್ಣ, ಶಿಲಾರಂಜಕ (ರಂಜಕವಿರುವ ಕಲ್ಲಿನ ಪುಡಿ, ರಾಕ್ ಫಾಸ್ಫೇಟ್) ಎರಡನ್ನೂ ಒಂದೇ ತಿಂಗಳು ಕೊಟ್ಟೆ. ಶಿಲಾರಂಜಕ ಕರಗಲು ಹುಳಿ ಬೇಕು. ಸುಣ್ಣ ಆ ಹುಳಿಯನ್ನೇ ತೆಗೆಯಿತು. ಮುಂದಿನ ಬೇಸಿಗೆಯಲ್ಲಿ ಕೆದಕಿ ನೋಡಿದರೆ ಪುಡಿ ಹಾಗೇ ಇತ್ತು.

ಈಗ ಮಾಡುವುದು ಹೀಗೆ. 10×10 ಅಡಿ ಅಂತರಕ್ಕೆ ಎಕರೆಗೆ ಸುಮಾರು 435 ಗಿಡ. ಮೇ ಮೊದಲ ವಾರ ಎಕರೆಗೆ ಸೂಪರ್ ಫಾಸ್ಫೇಟಿನ 50 ಕೆಜಿಯ ಒಂದು ಮೂಟೆ, ಅಕ್ಟೋಬರಿನಲ್ಲಿ ಇನ್ನೊಂದು. ಒಂದು ಸಲಕ್ಕೆ ಗಿಡಕ್ಕೆ 115 ಗ್ರಾಂ ಬರುತ್ತದೆ. ರೆಂಬೆಯ ತುದಿಯ ನೇರಕ್ಕೆ, ಇಳಿಜಾರಿನ ಮೇಲ್ಬದಿಯಲ್ಲಿ ತರಗು ಸರಿಸಿ, ಹಾರೆಯಿಂದ 3 ಅಂಗುಲ ಆಳದ ನಾಲ್ಕು ತೂತು ಹಾಕಬೇಕು. ಗೊಬ್ಬರ ಹಂಚಿ ಸುರಿದು, ಮಣ್ಣಿನೊಂದಿಗೆ ಕಲಸದೆ ತರಗು ಮುಚ್ಚಬೇಕು. ಆಳುಗಳು ಅಭ್ಯಾಸಬಲದಿಂದ ಕಾಲಲ್ಲಿ ಕಲಸಿಬಿಡುತ್ತಾರೆ, ಅಲ್ಲಿ ನಿಂತು ನೋಡಬೇಕು. ಸುಣ್ಣಕ್ಕೆ ಬೇರೆ ವರ್ಷ, ಬೇರೆ ತಿಂಗಳು.

ಅಗತೆ ಬಿಟ್ಟ ತೋಟದಲ್ಲಿ ರಂಜಕ ಮೇಲಿನ 2-3 ಅಂಗುಲದಲ್ಲೇ ಗುಡ್ಡೆಯಾಗುತ್ತದೆ. 9 ಅಂಗುಲದ ಮಣ್ಣನ್ನು ಒಟ್ಟಿಗೆ ಪರೀಕ್ಷೆಗೆ ಕಳಿಸಿದರೆ ಇದು ಕಾಣುವುದೇ ಇಲ್ಲ. ಮೇಲಿನದನ್ನು ಬೇರೆ, ಕೆಳಗಿನದನ್ನು ಬೇರೆ ಚೀಲದಲ್ಲಿ ಕಳಿಸಿ. ನಮ್ಮ ಹುಳಿಮಣ್ಣಿಗೆ ಬ್ರೇ ವಿಧಾನದ (ಹುಳಿಮಣ್ಣಿನಲ್ಲಿ ಗಿಡಕ್ಕೆ ಸಿಗುವ ರಂಜಕ ಅಳೆಯುವ) ಪರೀಕ್ಷೆಯನ್ನೇ ಕೇಳಿ.

ಮೇಲಿನ ಪದರ ಮಳೆಗೆ ಕೊಚ್ಚಿಹೋದರೆ ಎಲ್ಲವೂ ಹೋದಂತೆ. ಅದಕ್ಕೇ ನಾಲ್ಕು ಗಿಡದ ನಡುವೆ, ಇಳಿಜಾರಿಗೆ ಅಡ್ಡಲಾಗಿ 4 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಆಳದ ತೊಟ್ಟಿಲು ಗುಂಡಿ. ಅದರಲ್ಲಿ ನಿಂತ ನುಣ್ಣನೆಯ ಮಣ್ಣಿನಲ್ಲೇ ಹೆಚ್ಚು ರಂಜಕ ಇರುವುದು. ನವೆಂಬರಿನಲ್ಲಿ ಎತ್ತಿ ಗಿಡದ ಬುಡಕ್ಕೆ ಹಾಕಿ.

ಚೆರ್ರಿ ಹೊಟ್ಟು (ಕಾಫಿ ಹಣ್ಣಿನ ಒಣ ಸಿಪ್ಪೆ), ಸಗಣಿ, ಶಿಲಾರಂಜಕ ಸೇರಿಸಿ ಮೂರು ತಿಂಗಳು ಕೊಳೆಸಿ ಕೊಡುವ ಪ್ರಯೋಗವೂ ನಡೆದಿದೆ. ಟನ್ನಿಗೆ ಒಂದು ಮೂಟೆ ಶಿಲಾರಂಜಕ ಸಾಕು. ಜೊತೆಗೆ ಸೇರಿಸುವ ಇನ್ನೊಂದು ಸಾಮಾನನ್ನು ಎರಡು ಫಸಲು ನೋಡಿದ ಮೇಲೆ ಹೇಳುತ್ತೇನೆ.

ಗದ್ದೆಯ ಲೆಕ್ಕವೇ ಬೇರೆ. ನೀರು ನಿಂತಾಗ ಕಬ್ಬಿಣ ರಂಜಕವನ್ನು ಬಿಟ್ಟುಕೊಡುತ್ತದೆ, ಭತ್ತಕ್ಕೆ ಅಷ್ಟು ಕೊರತೆ ಬೀಳುವುದಿಲ್ಲ. ಗದ್ದೆ ಒಣಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಭತ್ತದ ರಂಜಕ ಅರ್ಧಕ್ಕೆ ಇಳಿಸಿ, ಕೊಡಗಿನ ಶನಿವಾರಸಂತೆ ಕಡೆಯವರಂತೆ ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಹಾಕುವ ಹಸಿಮೆಣಸಿಗೆ ಆ ಪಾಲು ಕೊಡುತ್ತೇನೆ. ಕೆಸರು ಉಳುಮೆ ಮಾಡಿದ ದಿನ ಕಲಕಿದ ನೀರನ್ನು ಹೊರಗೆ ಬಿಡಬೇಡಿ. ಎರಡು ಮೂರು ದಿನ ನಿಲ್ಲಿಸಿ, ತಿಳಿಯಾದ ಮೇಲೆ ಮಾತ್ರ ಬದುವಿನ ಬಾಯಿ ತೆರೆಯಿರಿ.